ನೆರಳಿನಿಂದ ಮೊದಲಾಗಲಿ

ತ್ರಿಕೋನಮಿತಿಯೆಂದರೆ ಸೂತ್ರಗಳ ಕಂಠಪಾಠವೆಂಬ ಭಾವನೆ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಬೋಧನೆಯ ಕ್ರಮವೇ ಇದಕ್ಕೆ ಮುಖ್ಯ ಕಾರಣವೆನ್ನಬೇಕು.

ಶಾಲೆಯ ಅಂಗಳದಲ್ಲಿ 1 ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿರಿ. ಅದರ ನೆರಳು 2 ಮೀಟರ್, ಅದೇ ವೇಳೆಯಲ್ಲಿ ಧ್ವಜಸ್ತಂಭದ ನೆರಳು 12 ಮೀಟರ್ ಇದ್ದರೆ, ಸ್ತಂಭದ ಎತ್ತರ 6 ಮೀಟರ್. ಎತ್ತರಕ್ಕೂ ನೆರಳಿಗೂ ಇರುವ ಈ ಅನುಪಾತವೇ ಸೂರ್ಯನ ಉನ್ನತ ಕೋನದ ಟ್ಯಾಂಜೆಂಟ್. ಸ್ತಂಭವನ್ನು ಏರದೆಯೇ ಎತ್ತರ ತಿಳಿಯಿತಲ್ಲವೆ?

ಎವರೆಸ್ಟ್ ಶಿಖರವನ್ನು ಮಾನವನು ಏರಿದ್ದು 1953ರಲ್ಲಿ. ಆದರೆ ದೂರದ ಬಯಲಿನಿಂದ ಕೋನಗಳನ್ನಳೆದು, ಅದರ ಎತ್ತರ 29,002 ಅಡಿಗಳೆಂದು 1856ರಲ್ಲಿಯೇ ಪ್ರಕಟಿಸಲಾಗಿತ್ತು.

ಸೂತ್ರಗಳು ಅನಗತ್ಯವೆಂದು ಇದರ ಅರ್ಥವಲ್ಲ. ಉಪಯೋಗವನ್ನರಿತ ಬಳಿಕ ಕಲಿತ ಸೂತ್ರವು ಹೊರೆಯೆನಿಸದು. ಮರೆತರೂ ಮತ್ತೆ ಸಾಧಿಸಿಕೊಳ್ಳಬಹುದು. ಆದುದರಿಂದ ಈ ಪಾಠವು ಕರಿಹಲಗೆಗಿಂತ ಮೊದಲು ಅಂಗಳದಲ್ಲಿ ಆರಂಭವಾಗುವುದು ಲೇಸು.