ಗೌಡ: ಜಾತಿಯೋ, ಹುದ್ದೆಯೋ?

ಮಾಗಡಿ, ಕನಕಪುರ, ಚನ್ನಪಟ್ಟಣ — ಯಾವ ಬಸ್ ಸ್ಟ್ಯಾಂಡಿನಲ್ಲಾದರೂ ನಿಂತು "ಗೌಡ್ರೇ" ಎಂದು ಕೂಗಿ ನೋಡಿ, ಹತ್ತು ತಲೆ ತಿರುಗುತ್ತವೆ. ಹತ್ತೂ ಒಂದೇ ಜಾತಿ ಅಂದುಕೊಂಡರೆ ಮೋಸ ಹೋದ ಹಾಗೆಯೇ. 2025ರ ಸೆಪ್ಟೆಂಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾದಾಗ, ಜಾತಿಯ ಖಾನೆಯಲ್ಲಿ ಒಕ್ಕಲಿಗ ಎಂದೇ ಬರೆಸಿರೆಂದು ಸಮುದಾಯದ ಮುಖಂಡರು ಸಾರಿ ಹೇಳಬೇಕಾಯಿತು.

ಗೌಡ ಎಂಬುದು ಮೂಲದಲ್ಲಿ ಅಧಿಕಾರದ ಹೆಸರು. ಹಳೆಯ ಶಾಸನಗಳ 'ಗಾವುಂಡ'ನೇ ಸವೆದು ಸವೆದು ಗೌಡನಾದ. ಕಂದಾಯ ಎತ್ತುವುದು, ನ್ಯಾಯ ಹೇಳುವುದು, ದನ ಹೊಡೆಯಲು ಬಂದವರ ಮೇಲೆ ಕತ್ತಿ ಹಿಡಿದು ನುಗ್ಗುವುದು, ಮೂರೂ ಅವನ ತಲೆಗೇ. ಹಾಗೆ ನುಗ್ಗಿ ಸತ್ತವರಿಗೆ ವೀರಗಲ್ಲು. ಹೆಂಗಸರೂ ಹಿಂದೆ ಬಿದ್ದಿಲ್ಲ: ಹತ್ತನೇ ಶತಮಾನದ ಆರಂಭದಲ್ಲಿ, ಗಂಡ ತೀರಿದ ಮೇಲೆ, ಜಕ್ಕಿಯಬ್ಬೆ ನಾಗರಖಂಡದ ನಾಳ್ಗಾವುಂಡ ಪದವಿ ನಡೆಸಿದಳು.

ಈ ಕಡೆ ಹೆಸರಿಗೆ ರಾಜಕಳೆ ಬಂದದ್ದು ಯಲಹಂಕ ನಾಡಪ್ರಭುಗಳಾದ ಕೆಂಪೇಗೌಡರ ಮನೆತನದಿಂದ. ಇವರು ಮೊರಸು ಒಕ್ಕಲಿಗರು. 1638ರಲ್ಲಿ ಬಿಜಾಪುರದ ದಂಡು ಬೆಂಗಳೂರು ಹಿಡಿದ ಮೇಲೆ ಮಾಗಡಿಗೆ ಬಂದು ಕೂತರು. 1728ರಲ್ಲಿ ಮೈಸೂರಿನವರು ಸಾವನದುರ್ಗ ಕಿತ್ತುಕೊಂಡರು. ರಾಜ್ಯ ಹೋಯಿತು, ಗೌಡ ಉಳಿಯಿತು.

ಊರ ಗೌಡಿಕೆಯೂ ನಿಲ್ಲಲಿಲ್ಲ. ವಂಶಪಾರಂಪರ್ಯದ ಪಟೇಲಿಕೆಯನ್ನು 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆ ಮುಗಿಸಿತು. ಕೆಲಸ ಹೋದ ಮೇಲೆ ಹೆಸರಿನ ಮೋಹ ಹೆಚ್ಚಿತು ಅನ್ನಿ! ಗಂಗಟಕಾರ, ಮೊರಸು ಒಕ್ಕಲಿಗರ ಜೊತೆಗೆ ಲಿಂಗಾಯತರಲ್ಲೂ ಗೌಡರುಂಟು, ಕುರುಬರಲ್ಲೂ ಉಂಟು, ಉತ್ತರ ಕನ್ನಡದ ಹಾಲಕ್ಕಿಗಳೂ ಗೌಡರೇ.

ಮೀಸಲಾತಿ ಪಟ್ಟಿಯಲ್ಲಿ ಮಾತ್ರ ಇವರ ಖಾನೆಗಳು ಬೇರೆ ಬೇರೆ. ಒಕ್ಕಲಿಗರು 3ಎ, ಲಿಂಗಾಯತರು 3ಬಿ, ಕುರುಬರು 2ಎ. ಬರೀ "ಗೌಡ" ಅಂದವನನ್ನು ಗುಮಾಸ್ತ ಯಾವ ಖಾನೆಗೆ ಹಾಕಬೇಕು?