ಹದಿಮೂರರಿಂದ ಹತ್ತೊಂಬತ್ತು: ನಮ್ಮ ಹುಡುಗರಿಗೆ ಕ್ಲಬ್ ಎಲ್ಲಿ?

2024ರ ಸೆಪ್ಟೆಂಬರ್ 14ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ತಂಡ ಕೋಲ್ಕತಾದ ಈಸ್ಟ್ ಬೆಂಗಾಲ್ ತಂಡವನ್ನು 1-0 ಗೋಲಿನಿಂದ ಸೋಲಿಸಿತು. ಆ ಒಂದೇ ಗೋಲನ್ನು ಹೊಡೆದದ್ದು ವಿನೀತ್ ವೆಂಕಟೇಶ್ ಎಂಬ ಬೆಂಗಳೂರಿನ ಹುಡುಗ. ಆಗ ವಯಸ್ಸು 19. ಇಂಡಿಯನ್ ಸೂಪರ್ ಲೀಗ್‌ನಲ್ಲಿ ಅದು ಅವರ ಮೊದಲ ಪಂದ್ಯ. ಮರುದಿನದಿಂದಲೇ ಆ ಗೋಲಿನ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಓಡಾಡಿತು. ಚಳ್ಳಕೆರೆ, ಮೊಳಕಾಲ್ಮೂರಿನ ಕಡೆಯ ಹುಡುಗರೂ ಅದನ್ನು ನೋಡಿದ್ದಾರೆ. ನೋಡಿದ ಹುಡುಗ ಕೇಳುವುದು ಒಂದೇ ಮಾತು: ನಾನೂ ಹಾಗೆ ಆಗಬಹುದಾ?

ಈ ಪ್ರಶ್ನೆಗೆ "ಕಷ್ಟಪಟ್ಟರೆ ಯಾಕಾಗಲ್ಲ" ಅಂತ ಹೇಳಿ ಬೆನ್ನು ತಟ್ಟುವುದು ಸುಲಭ. ಆದರೆ ಅದು ಅರ್ಧ ಸತ್ಯ ಮಾತ್ರ. ಆ ಗೋಲಿಗಿಂತ ಮೊದಲು ಏನಿತ್ತು ಎಂಬುದನ್ನು ನಾವು ನೋಡಬೇಕು.

ವಿನೀತ್ ಬಂದದ್ದು ಬೆಂಗಳೂರು ಎಫ್‌ಸಿಯ ಅಕಾಡೆಮಿಯಿಂದ. ಅಕಾಡೆಮಿ ಅಂದರೆ ಬರೀ ತರಬೇತಿ ಅಲ್ಲ. ಅಖಿಲ ಭಾರತ ಫುಟ್ಬಾಲ್ ಫೆಡರೇಶನ್ ಒಂದೊಂದು ವಯಸ್ಸಿನ ಹುಡುಗರಿಗೆ ಬೇರೆ ಬೇರೆ ಲೀಗ್ ನಡೆಸುತ್ತದೆ. 2022ರಲ್ಲಿ ರಿಲಯನ್ಸ್ ಫೌಂಡೇಶನ್ ಡೆವಲಪ್‌ಮೆಂಟ್ ಲೀಗ್ ಶುರುವಾಯಿತು. ಅದರ ಮೊದಲ ಚಾಂಪಿಯನ್ ಬೆಂಗಳೂರು ಎಫ್‌ಸಿಯ ಕಿರಿಯರ ತಂಡ. ಇಂಥ ಲೀಗ್‌ಗಳಲ್ಲಿ ಹುಡುಗ ವರ್ಷವಿಡೀ ತನ್ನ ವಯಸ್ಸಿನವರ ಎದುರು ಆಡುತ್ತಾನೆ, ಸೋಲುತ್ತಾನೆ, ತಿದ್ದಿಕೊಳ್ಳುತ್ತಾನೆ. ಆಮೇಲೆ ಮೀಸಲು ತಂಡ, ಆಮೇಲೆ ದೊಡ್ಡ ತಂಡ. ನಾವು ನೋಡಿದ ವಿಡಿಯೊ ಕೆಲವು ಸೆಕೆಂಡಿನದ್ದು. ಅದರ ಹಿಂದಿನ ವರ್ಷಗಳ ವಿಡಿಯೊ ಯಾರೂ ಕಳಿಸಲ್ಲ.

ಅದು ಬೆಂಗಳೂರಿನ ಹುಡುಗನ ಮಾತಾಯಿತು, ಹಳ್ಳಿಯವನಿಗೆ ಆಗುತ್ತಾ ಅಂತ ಕೇಳಬಹುದು. ಆಗುತ್ತದೆ. ಅದೇ ಕ್ಲಬ್ಬಿನ ಶಿವಶಕ್ತಿ ನಾರಾಯಣನ್ ತಮಿಳುನಾಡಿನ ಶಿವಗಂಗೆ ಜಿಲ್ಲೆಯ ಕಂದನೂರಿನವರು. ಭಾರತ ತಂಡದ ಮಾಜಿ ಆಟಗಾರ ರಾಮನ್ ವಿಜಯನ್ ನಡೆಸುವ ಸಾಕರ್ ಸ್ಕೂಲಿನ ಮೂಲಕ ಬೆಂಗಳೂರಿಗೆ ಬಂದವರು. 2022ರ ಸೆಪ್ಟೆಂಬರ್ 18ರಂದು ಡ್ಯೂರಾಂಡ್ ಕಪ್ ಫೈನಲ್‌ನಲ್ಲಿ ಮುಂಬೈ ಸಿಟಿ ವಿರುದ್ಧ ಮೊದಲ ಗೋಲು ಹೊಡೆದರು, ತಂಡ 2-1ರಿಂದ ಕಪ್ ಗೆದ್ದಿತು. 2022-23ರ ಸೂಪರ್ ಲೀಗ್‌ನಲ್ಲಿ ಉದಯೋನ್ಮುಖ ಆಟಗಾರ ಪ್ರಶಸ್ತಿಯೂ ಅವರಿಗೇ ಬಂತು. ಹಳ್ಳಿಗೂ ದೊಡ್ಡ ಕ್ಲಬ್ಬಿಗೂ ನಡುವೆ ಅವರಿಗೆ ಒಂದು ಮೆಟ್ಟಿಲು ಸಿಕ್ಕಿತ್ತು. ಆ ಮೆಟ್ಟಿಲೇ ಮುಖ್ಯ.

ಈಗ ನಮ್ಮ ಕಡೆಗೆ ಬನ್ನಿ. ಚಳ್ಳಕೆರೆಯಿಂದ ಬೆಂಗಳೂರು ಸುಮಾರು 200 ಕಿಲೋಮೀಟರ್. ದೂರವೇ. ಆದರೆ ಬೆಂಗಳೂರು ಎಫ್‌ಸಿ ತನ್ನ ವಸತಿ ಅಕಾಡೆಮಿ ನಡೆಸಿದ್ದು ಬೆಂಗಳೂರಿನಲ್ಲಿ ಅಲ್ಲ, ಬಳ್ಳಾರಿ ಜಿಲ್ಲೆಯಲ್ಲಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಪಕ್ಕ ಜೆಎಸ್‌ಡಬ್ಲ್ಯು ಸಂಸ್ಥೆ ಕಟ್ಟಿದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ. ಚಳ್ಳಕೆರೆಯಿಂದ ಬಳ್ಳಾರಿ ಬಸ್ ಹತ್ತಿದರೆ ಮೊಳಕಾಲ್ಮೂರು ತಾಲೂಕಿನ ರಾಂಪುರ ದಾಟಿ ಬಳ್ಳಾರಿ. ಅಲ್ಲಿಂದ ಹೊಸಪೇಟೆ ದಾರಿಯಲ್ಲಿ ತೋರಣಗಲ್ಲು. ಬೆಳಿಗ್ಗೆ ಹೊರಟವರು ಮಧ್ಯಾಹ್ನದ ಊಟಕ್ಕೆ ಮೊದಲು ಅಲ್ಲಿರಬಹುದು. ಮಣಿಪುರ, ಮಿಜೋರಾಂನ ಹುಡುಗರು ಈ ಕ್ಲಬ್ಬಿಗೆ ಬಂದು ಬೆಳೆದಿದ್ದಾರೆ. ಪಕ್ಕದ ತಾಲೂಕಿನವರು ಬಸ್ಸಿನ ಕಿಟಕಿಯಿಂದ ಕಾರ್ಖಾನೆಯ ಹೊಗೆ ಕೊಳವೆ ನೋಡಿ ವಾಪಸ್ ಬರ್ತಾರೆ.

ಇದಕ್ಕೆ ಅಕಾಡೆಮಿಯವರನ್ನು ದೂರಿ ಪ್ರಯೋಜನವಿಲ್ಲ. ಆಟಗಾರರನ್ನು ಹುಡುಕುವವರು ಪಂದ್ಯ ನಡೆಯುವ ಕಡೆ ಹೋಗ್ತಾರೆ. ನಾವು ಕಂಡಂತೆ ಈ ಎರಡು ತಾಲೂಕುಗಳಲ್ಲಿ ಕ್ರಿಕೆಟ್ ಇದೆ, ಕಬಡ್ಡಿ ಇದೆ, ವಾಲಿಬಾಲ್ ಇದೆ. ಫುಟ್ಬಾಲ್ ಅಂದರೆ ರಜೆಯಲ್ಲಿ ಒಂದೆರಡು ದಿನದ ಟೂರ್ನಿ. ಅದರಲ್ಲಿ 14ರ ಹುಡುಗ 24ರ ಯುವಕನ ಎದುರು ಓಡಬೇಕು. ಬಹುಮಾನ ಕೊಟ್ಟು ಫೋಟೊ ತೆಗೆದ ಮೇಲೆ ಮೈದಾನ ಖಾಲಿ. ಹುಡುಗನ ಹೆಸರು ಯಾವ ಕಾಗದದಲ್ಲೂ ಇರಲ್ಲ. ಚೆಂಡು ಚೆನ್ನಾಗಿ ಆಡುವವನು ಹದಿನಾರಕ್ಕೆ ಎಣ್ಣೆ ಮಿಲ್ಲಿಗೋ ಅಂಗಡಿಗೋ ಸೇರುತ್ತಾನೆ. ದುಡಿಮೆ ತಪ್ಪಲ್ಲ. ಆದರೆ ಅವನಿಗೆ ಆಯ್ಕೆಯೇ ಇರಲಿಲ್ಲ ಎಂಬುದು ತಪ್ಪು.

ಹಿಂದಿನವರು ಇದನ್ನು ಅರಿತಿದ್ದರು. ಬೆಂಗಳೂರಿನ ಅಹ್ಮದ್ ಖಾನ್ 1948ರ ಲಂಡನ್, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗಳಲ್ಲಿ ಭಾರತಕ್ಕೆ ಆಡಿದವರು. 1949ರಲ್ಲಿ ಈಸ್ಟ್ ಬೆಂಗಾಲ್ ಸೇರಿ ಕೋಲ್ಕತಾದ ಮನೆಮಾತಾದರು. ಆದರೆ ಅದಕ್ಕೆ ಮೊದಲು ಅವರು ಆಡಿದ್ದು ತಮ್ಮ ಊರಿನ ಬೆಂಗಳೂರ್ ಮುಸ್ಲಿಮ್ಸ್ ಕ್ಲಬ್ಬಿಗೆ. ಆ ಕ್ಲಬ್ 1937ರಲ್ಲಿ ಮುಂಬೈಯ ರೋವರ್ಸ್ ಕಪ್ ಗೆದ್ದು, ಮರುವರ್ಷ ಮತ್ತೆ ಗೆದ್ದಿತ್ತು. ಬ್ರಿಟಿಷ್ ಸೈನ್ಯದ ತಂಡಗಳೇ ಆಳುತ್ತಿದ್ದ ಕಾಲ ಅದು. ಕರಾವಳಿಯ ಓದುಗರಿಗೆ ಇದು ಹೊಸ ಮಾತೇನಲ್ಲ. ಮಂಗಳೂರಿನ ನೆಹರೂ ಮೈದಾನದಲ್ಲಿ ಫುಟ್ಬಾಲಿಗೆ ಬೇರೆಯೇ ಅಂಗಳ ಇದೆ, ಉಳ್ಳಾಲ, ಬಂದರಿನ ಕೇರಿಗಳಲ್ಲಿ ಚೆಂಡು ಯಾವತ್ತೂ ನಿಂತಿಲ್ಲ. ಊರಿನ ಕ್ಲಬ್ ಇದ್ದಲ್ಲಿ ಆಟಗಾರ ಹುಟ್ಟುತ್ತಾನೆ.

ಇಷ್ಟು ಹೇಳಿ ಇನ್ನೊಂದು ಮಗ್ಗುಲನ್ನು ಮುಚ್ಚಿಡಬಾರದು. ಹೆತ್ತವರು ಹೆದರುವುದಕ್ಕೂ ಕಾರಣ ಇದೆ. 2025ರ ಏಪ್ರಿಲ್ 12ರಂದು ಬೆಂಗಳೂರು ಎಫ್‌ಸಿ ಸೂಪರ್ ಲೀಗ್ ಫೈನಲ್ ಆಡಿತು, ಮೋಹನ್ ಬಾಗಾನ್ ಎದುರು 2-1ರಿಂದ ಸೋತಿತು. ನಾಲ್ಕು ತಿಂಗಳೂ ಆಗಿಲ್ಲ, ಆಗಸ್ಟಿನಲ್ಲಿ ಅದೇ ಕ್ಲಬ್ ದೊಡ್ಡ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲಕ್ಕೆ ತಡೆಹಿಡಿಯಿತು. ಫೆಡರೇಶನ್ನಿಗೂ ಲೀಗ್ ನಡೆಸುವ ಕಂಪನಿಗೂ ಇದ್ದ ಒಪ್ಪಂದ ಡಿಸೆಂಬರಿಗೆ ಮುಗಿಯುವುದಿತ್ತು. ಮುಂದೇನು ಅಂತ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ 2026ರ ಜನವರಿಯಲ್ಲಿ ಕೇಂದ್ರ ಕ್ರೀಡಾ ಸಚಿವರು, ಫೆಬ್ರವರಿ 14ರಿಂದ 14 ಕ್ಲಬ್ಬುಗಳ ಲೀಗ್ ಎಂದು ಘೋಷಿಸಿದರು. ಅದೂ ಮೊಟಕುಗೊಳಿಸಿದ ಲೀಗ್.

ಇಪ್ಪತ್ತರ ಹುಡುಗನಿಗೆ ಆರು ತಿಂಗಳು ಅಂದರೆ ಸಣ್ಣ ಅವಧಿಯಲ್ಲ. ಬೆಳೆಯುವ ವಯಸ್ಸಿನಲ್ಲಿ ತಪ್ಪಿದ ಪಂದ್ಯ ಆಮೇಲೆ ಸಿಗಲ್ಲ. ಆದರೆ ಒಂದು ಮಾತನ್ನು ಗಮನಿಸಬೇಕು. ಸಂಬಳ ನಿಲ್ಲಿಸಿದ ದಿನವೇ ಆ ಕ್ಲಬ್, ಹುಡುಗ ಹುಡುಗಿಯರ ಕಿರಿಯ ತಂಡಗಳು ಮತ್ತು ಸಾಕರ್ ಸ್ಕೂಲುಗಳು ಎಂದಿನಂತೆ ನಡೆಯುತ್ತವೆ ಎಂದೂ ಹೇಳಿತು. ಕಷ್ಟ ಬಂದಾಗ ಕೊನೆಯವರೆಗೂ ಉಳಿಸಿಕೊಳ್ಳಬೇಕಾದ್ದು ಬುಡವನ್ನು ಅಂತ ಅವರಿಗೆ ಗೊತ್ತು. ನಮ್ಮಲ್ಲಿ ಬುಡವೇ ಇಲ್ಲ.

ಹಾಗಾದರೆ ಮಾಡಬೇಕಾದ್ದೇನು? ದೊಡ್ಡ ಕ್ರೀಡಾಂಗಣಕ್ಕೆ ಮನವಿ ಕೊಟ್ಟು ಹತ್ತು ವರ್ಷ ಕಾಯುವುದು ಬೇಡ. 13 ವರ್ಷದೊಳಗಿನವರ ಒಂದು ತಂಡ ಚಳ್ಳಕೆರೆಯಲ್ಲಿ, ಒಂದು ಮೊಳಕಾಲ್ಮೂರಿನಲ್ಲಿ, ಒಂದು ರಾಂಪುರದಲ್ಲಿ, ಒಂದು ನಾಯಕನಹಟ್ಟಿಯಲ್ಲಿ. ನಾಲ್ಕೇ ತಂಡ ಪರಸ್ಪರ ಎರಡೆರಡು ಸಲ ಆಡಿದರೆ 12 ಪಂದ್ಯ ಆಯಿತು. ಶಾಲೆಯ ಪಿಇಟಿ ಮಾಸ್ಟರ್, ಊರಿನ ನಾಲ್ಕು ವ್ಯಾಪಾರಿಗಳು, ಒಂದು ಮೈದಾನ ಸಾಕು. ಜಾತಿ ಧರ್ಮ ನೋಡದೆ ಎಲ್ಲ ಮಕ್ಕಳೂ ಇರಲಿ. ತಂಡವನ್ನು ನೋಂದಾಯಿಸಿ, ಹುಡುಗರ ಹೆಸರನ್ನೂ ನೋಂದಾಯಿಸಿ. ಫಿಫಾ ನಿಯಮದ ಪ್ರಕಾರ ಆಟಗಾರನೊಬ್ಬ ಬೇರೆ ದೇಶದ ಕ್ಲಬ್ಬಿಗೆ ಹಣಕ್ಕೆ ವರ್ಗವಾದರೆ ಅದರಲ್ಲಿ ಶೇಕಡ 5 ಭಾಗ, 12ರಿಂದ 23ರ ವಯಸ್ಸಿನಲ್ಲಿ ಅವನು ನೋಂದಣಿಯಾಗಿದ್ದ ಕ್ಲಬ್ಬುಗಳಿಗೆ ಹಂಚಿಕೆಯಾಗಬೇಕು. ಅದು ನಮಗೆ ಇವತ್ತೇ ಬರುವ ದುಡ್ಡಲ್ಲ. ಆದರೆ ಸಣ್ಣ ಊರಿನ ಕ್ಲಬ್ಬಿಗೂ ಲೆಕ್ಕದಲ್ಲಿ ಜಾಗ ಇದೆ ಎಂಬುದಕ್ಕೆ ಸಾಕ್ಷಿ.

ಹೆತ್ತವರಿಗೆ ಮೂರು ಮಾತು. ಒಂದು, ಜನನ ಪ್ರಮಾಣಪತ್ರ ಸರಿ ಇಟ್ಟುಕೊಳ್ಳಿ. ವಯಸ್ಸು ಕಡಿಮೆ ಬರೆಸುವ ಬುದ್ಧಿವಂತಿಕೆ ಬೇಡ, ಫೆಡರೇಶನ್ ಕೈಯ ಮೂಳೆಯ ಎಕ್ಸ್‌ರೇ ತೆಗೆದು ವಯಸ್ಸು ನೋಡುತ್ತದೆ. ಎರಡು, "ದೊಡ್ಡ ಕ್ಲಬ್ಬಿನಲ್ಲಿ ಟ್ರಯಲ್ ಕೊಡಿಸ್ತೇನೆ" ಅಂತ ಸಾವಿರಾರು ರೂಪಾಯಿ ಕೇಳುವವರನ್ನು ನಂಬುವ ಮೊದಲು ಆ ಕ್ಲಬ್ಬಿನವರನ್ನೇ ನೇರ ವಿಚಾರಿಸಿ. ಮೂರು, ಎಸ್ಸೆಸ್ಸೆಲ್ಸಿ, ಪಿಯುಸಿ ಬಿಡಿಸಬೇಡಿ. ಫೈನಲ್ ಆಡಿದ ಕ್ಲಬ್ಬಿನಲ್ಲೇ ಸಂಬಳ ನಿಂತದ್ದನ್ನು ನೋಡಿದ್ದೇವಲ್ಲ.

ಹುಡುಗರ ಪ್ರಶ್ನೆಗೆ ಬೆಂಗಳೂರಿನಿಂದಾಗಲಿ ತೋರಣಗಲ್ಲಿನಿಂದಾಗಲಿ ಯಾರೂ ಬಂದು ಉತ್ತರ ಕೊಡಲ್ಲ. ಬರುವ ಬೇಸಿಗೆ ರಜೆಗೆ ಆ ನಾಲ್ಕು ತಂಡಗಳ ಹೆಸರು ಬರೆಯಲು ಒಂದು ನೋಟ್‌ಪುಸ್ತಕ ತೆಗೆಯೋಣ. ಉತ್ತರ ಅಲ್ಲಿಂದ ಶುರುವಾಗಲಿ.