ನೇಪಥ್ಯದಲ್ಲಿ ಉಳಿದವರು

ಕಾಲೇಜಿನ ವಾರ್ಷಿಕೋತ್ಸವದಲ್ಲಿ ಒಂದು ನಾಟಕವಾಗಲೇಬೇಕೆಂಬ ಪದ್ಧತಿ ನಮ್ಮಲ್ಲಿ ಬಲವಾಗಿ ಬೇರೂರಿದೆ. ಪದ್ಧತಿ ಒಳ್ಳೆಯದೇ. ಆದರೆ ಅದು ನಡೆಯುವ ಬಗೆಯನ್ನು ನಾವು ಒಪ್ಪಲಾರೆವು. ಹತ್ತು ದಿನಗಳ ಮಟ್ಟಿಗೆ ಹಣ ಕೊಟ್ಟು ಹೊರಗಿನ ನಿರ್ದೇಶಕರನ್ನು ಕರೆಸುವುದು, ಪರದೆ, ಪೋಷಾಕು, ಕಿರೀಟಗಳನ್ನು ಬಾಡಿಗೆಗೆ ತರಿಸುವುದು, ಮಾತು ಬಲ್ಲ ಎಂಟು ಹತ್ತು ಮಂದಿಗೆ ಬಣ್ಣ ಹಚ್ಚಿ ನಿಲ್ಲಿಸುವುದು, ಉಳಿದವರನ್ನು ಕುರ್ಚಿ ತುಂಬಲು ಕೂರಿಸುವುದು. ಇದಕ್ಕೆ ವಿದ್ಯಾರ್ಥಿಗಳ ನಾಟಕವೆಂದು ಹೆಸರು! ವಿದ್ಯಾರ್ಥಿಗಳು ಇದರಲ್ಲಿ ಮಾಡಿದ್ದಾದರೂ ಏನು?

ನಮ್ಮ ಹಿಂದಿನವರು ನಾಟಕವನ್ನು ಹೀಗೆ ತಿಳಿದಿರಲಿಲ್ಲ. ಕಾಳಿದಾಸನ ಶಾಕುಂತಲವನ್ನೇ ನೋಡಿ. ನಾಂದಿ ಮುಗಿದೊಡನೆ ಸೂತ್ರಧಾರನು ನಟಿಯನ್ನು ಕರೆಯುವುದೇ, ಒಳಗಿನ ವೇಷದ ಕೆಲಸ ಮುಗಿದಿದ್ದರೆ ಹೊರಗೆ ಬಾ ಎಂದು. ದುರ್ವಾಸರು ರಂಗದ ಮೇಲೆ ಕಾಣಿಸಿಕೊಳ್ಳುವುದೇ ಇಲ್ಲ. ನಾಲ್ಕನೆಯ ಅಂಕದಲ್ಲಿ ಕಥೆಯ ದಿಕ್ಕನ್ನು ತಿರುಗಿಸುವ ಶಾಪವು ತೆರೆಯ ಹಿಂದಿನ ದನಿ ಮಾತ್ರ. ಏಳು ಅಂಕಗಳ ಭಾರವನ್ನು ಹೊತ್ತಿರುವುದು ಒಂದು ಉಂಗುರ. ಅದನ್ನು ಕಾಯಬೇಕಾದ ಹುಡುಗನು ಮರೆತನೆಂದರೆ ದುಷ್ಯಂತನಿಗೆ ನೆನಪು ಮರಳುವ ಬಗೆಯೆಂತು? ನಾಟ್ಯಶಾಸ್ತ್ರವು ತಂಡದವರನ್ನು ಹೆಸರಿಸುವಾಗ ನಟ, ವಿದೂಷಕರ ಜೊತೆಯಲ್ಲೇ ಕಿರೀಟ ಮಾಡುವವನನ್ನೂ ಮಾಲೆ ಕಟ್ಟುವವನನ್ನೂ ಚಿತ್ರಕಾರನನ್ನೂ ರಜಕನನ್ನೂ ಎಣಿಸುತ್ತದೆ.

ಮೈಸೂರಿನ ಚಾಮರಾಜೇಂದ್ರ ಒಡೆಯರ ಆಸ್ಥಾನದಲ್ಲಿದ್ದ ಅಭಿನವ ಕಾಳಿದಾಸ ಬಸವಪ್ಪಶಾಸ್ತ್ರಿಗಳ (1843-1891) ಕನ್ನಡ ಶಾಕುಂತಲವನ್ನು ಒಂದು ಕಾಲೇಜು ಆಡಹೊರಟಿತೆನ್ನೋಣ. ಪಠ್ಯದ ಗುಂಪು ಕನ್ನಡ ಅಧ್ಯಾಪಕರೊಡನೆ ಕುಳಿತು ಯಾವ ಪದ್ಯವನ್ನು ಉಳಿಸಬೇಕು, ಯಾವುದನ್ನು ಬಿಡಬೇಕೆಂದು ಜಗಳವಾಡಬೇಕು. ಆ ಜಗಳದಲ್ಲಿ ಕಲಿತಷ್ಟು ಕಾವ್ಯವನ್ನು ಪರೀಕ್ಷೆಯ ಗೈಡುಗಳು ಕಲಿಸಲಾರವು. ರಂಗಸಜ್ಜಿನ ಗುಂಪು ಮರದ ರಥವನ್ನು ಕಟ್ಟಲು ಹೊರಟರೆ, ರಥದ ವೇಗವನ್ನು ಅಭಿನಯದಿಂದಲೇ ತೋರಿಸೆಂದು ಮೂಲದಲ್ಲೇ ಸೂಚನೆಯಿದೆಯೆಂದು ನಟರು ತಡೆಯಬೇಕು. ನಾರುಮಡಿಯನ್ನು ಸಿದ್ಧಪಡಿಸುವವರಿಗೆ ಶಕುಂತಲೆಯು ಆ ಅಂಕದಲ್ಲಿ ಗಿಡಗಳಿಗೆ ನೀರೆರೆಯಲು ಬಾಗುತ್ತಾಳೆಂಬುದು ತಿಳಿದಿರಬೇಕು. ಇಲ್ಲಿ ಒಬ್ಬರ ಕೆಲಸ ಇನ್ನೊಬ್ಬರ ಕೆಲಸಕ್ಕೆ ಹೆಣೆದುಕೊಂಡಿದೆ. ಸಹಕಾರವೆಂದು ನಾವು ಹೇಳುವುದು ಇದನ್ನೇ ಹೊರತು ಹೆಸರಿಗಷ್ಟೇ ರಚಿತವಾಗಿ ಒಮ್ಮೆಯೂ ಸೇರದ ಉಪಸಮಿತಿಗಳನ್ನಲ್ಲ.

ಗುಂಪುಗಳನ್ನು ಮಾಡಿದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದೆಂದು ಯಾರೂ ಭಾವಿಸಬೇಕಿಲ್ಲ. ಯಾರು ಯಾವ ಗುಂಪಿಗೆ ಹೋಗುತ್ತಾರೆ? ಪೇಟೆಯ ಉಳ್ಳವರ ಮಗನಿಗೆ ರಾಜನ ಪಾತ್ರ, ಉಚಿತ ಪ್ರಸಾದನಿಲಯದ ಹುಡುಗನಿಗೆ ಬೆಂಚು ಹೊರುವ ಕೆಲಸ, ಹೆಣ್ಣುಮಕ್ಕಳಿಗೆ ಹೊಲಿಗೆ ಮತ್ತು ರಂಗೋಲಿ. ಇದು ಹೀಗೆಯೇ ನಡೆದರೆ ಊರಿನ ಮೇಲುಕೀಳನ್ನೇ ರಂಗದ ಮೇಲೆ ಇನ್ನೊಮ್ಮೆ ಆಡಿದಂತಾಯಿತು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಭಾಷಣ ಮಾಡುವ ನಮ್ಮ ಸಂಸ್ಥೆಗಳೇ ಇದನ್ನು ಸಹಜವೆಂದು ಸಹಿಸಿಕೊಂಡಿರುವುದು ನಮಗೆ ಹೆಚ್ಚು ನೋವಿನ ಸಂಗತಿ. ಕೆಲಸಗಳು ಸರದಿಯ ಮೇಲೆ ಬದಲಾಗಬೇಕು. ಈ ವರ್ಷ ದುಷ್ಯಂತನಾದವನು ಮುಂದಿನ ವರ್ಷ ದೀಪದ ಬಳಿ ನಿಲ್ಲಲಿ. ದೀಪ ಹಿಡಿದ ಹುಡುಗಿ ಲೆಕ್ಕಪತ್ರವನ್ನು ನೋಡಲಿ.

ಪಾಠ ಹಾಳಾಗುತ್ತದೆ ಎಂಬ ಆಕ್ಷೇಪಕ್ಕೆ ಹೆಚ್ಚು ಉತ್ತರ ಬೇಕಿಲ್ಲ, ಶಾಕುಂತಲವೇ ಪಾಠ. ಗುಣಮಟ್ಟ ಕುಸಿಯುತ್ತದೆ ಎಂಬ ಆಕ್ಷೇಪ ಮಾತ್ರ ಗಂಭೀರವಾದುದು. ಮೊದಲ ವರ್ಷ ಕುಸಿಯುವುದು ನಿಜ. ಆದರೆ ಹೆಗ್ಗೋಡಿನ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ತಿರುಗಾಟವನ್ನೂ ಆರಂಭಿಸಿದ್ದು ಒಂದು ಹಳ್ಳಿಯಲ್ಲಿ. ಸಾಣೇಹಳ್ಳಿಯ ಶಿವಸಂಚಾರ ಹೊರಟದ್ದೂ (1997) ಹಳ್ಳಿಯಿಂದಲೇ. ಅನುಭವಿಗಳ ಮಾರ್ಗದರ್ಶನ ಬೇಡವೆಂದು ನಾವು ಹೇಳುತ್ತಿಲ್ಲ. ಕೊನೆಯ ಮಾತನ್ನು ಒಬ್ಬರು ಹೇಳಲೇಬೇಕು. ಹದಿನೈದು ಜನ ನಿರ್ದೇಶಿಸಿದ ನಾಟಕವನ್ನು ನೋಡುವ ಶಿಕ್ಷೆ ಯಾರಿಗೂ ಬೇಡ! ಆದರೆ ಆ ಒಬ್ಬರು ಕಲಿಸಲು ಬರಲಿ, ಗುತ್ತಿಗೆ ಹಿಡಿದು ಮುಗಿಸಿಕೊಡಲು ಬಾರದಿರಲಿ.

ಬಾಡಿಗೆ ಪರದೆಗೆ ಸುರಿಯುವ ಹಣದಲ್ಲಿ ಬಟ್ಟೆ, ಬಿದಿರು, ಬಣ್ಣಗಳನ್ನು ಕೊಂಡರೆ ಅವು ವರ್ಷಗಟ್ಟಲೆ ಕಾಲೇಜಿನಲ್ಲೇ ಉಳಿಯುತ್ತವೆ. ಶ್ರೇಷ್ಠ ನಟನೆಂಬ ಒಂಟಿ ಬಹುಮಾನವನ್ನು ನಿಲ್ಲಿಸಬೇಕು. ಆಮಂತ್ರಣಪತ್ರಿಕೆಯಲ್ಲಿ ಉಂಗುರ ಕಾದವನಿಂದ ತೆರೆ ಎಳೆದವಳವರೆಗೆ ಎಲ್ಲರ ಹೆಸರೂ ಅಚ್ಚಾಗಬೇಕು. ಸ್ಥಳವಿಲ್ಲವೆಂದು ಪ್ರಾಚಾರ್ಯರು ಹೇಳಬಹುದು. ವೇದಿಕೆಯ ಮೇಲಿನ ಗಣ್ಯರ ಬಿರುದುಗಳನ್ನು, ನಮ್ಮವನ್ನೂ ಸೇರಿಸಿಯೇ, ಅರ್ಧಕ್ಕೆ ಇಳಿಸಿದರೆ ಬೇಕಾದಷ್ಟು ಸ್ಥಳ ದೊರೆಯುತ್ತದೆ.